ಕೂಟದಿಂದ ಕಟ್ಟಡಕ್ಕೆ: ‘ವಿಶ್ವವಿದ್ಯಾನಿಲಯ’ ಎಂಬ ಪದದ ದಾರಿ

ಮೈಸೂರಿನವರು ‘ವಿಶ್ವವಿದ್ಯಾನಿಲಯ’ ಎಂದು ಬರೆಯುತ್ತಾರೆ, ಧಾರವಾಡದವರು ‘ವಿಶ್ವವಿದ್ಯಾಲಯ’ ಎಂದು. ಪತ್ರಿಕೆಯ ತಲೆಬರಹದಲ್ಲಿ ಎರಡಕ್ಕೂ ಜಾಗ ಸಾಲದೆ ‘ವಿವಿ’ ಆಗುತ್ತದೆ. ಸಿಟಿ ಬಸ್ಸಿನ ಕಂಡಕ್ಟರಿಗೆ, ಮಗಳು ರ‍್ಯಾಂಕ್ ಬಂದಳೆಂದು ಓಣಿಗೆಲ್ಲ ಪೇಡೆ ಹಂಚುವ ತಂದೆಗೆ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆಯೆಂದು ಅಲೆಯುವ ಹುಡುಗನಿಗೆ ಅದು ಬರೀ ‘ಯೂನಿವರ್ಸಿಟಿ’. ಒಂದು ಸಂಸ್ಥೆಗೆ ನಾಲ್ಕು ಹೆಸರು. ಇವುಗಳಲ್ಲಿ ವಯಸ್ಸಿನಲ್ಲಿ ಹಿರಿದು, ಕಥೆಯಲ್ಲೂ ಹಿರಿದು, ನಾವು ಇಂಗ್ಲಿಷೆಂದು ಪಕ್ಕಕ್ಕೆ ತಳ್ಳುವ ಆ ಕೊನೆಯದೇ. ಅದಕ್ಕೆ ಸುಮಾರು ಎಂಟುನೂರು ವರ್ಷಗಳ ಕಥೆಯಿದೆ, ಮತ್ತು ಆ ಕಥೆಯ ಮೊದಲ ಅರ್ಧದಲ್ಲಿ ಕಟ್ಟಡವೇ ಇಲ್ಲ.

ಲ್ಯಾಟಿನ್ನಿನ ‘ಯೂನಿವರ್ಸಿತಾಸ್’ ಎಂಬುದು ಮೂಲತಃ ವಿದ್ಯೆಗೆ ಸಂಬಂಧಿಸಿದ ಪದವೇ ಅಲ್ಲ. ರೋಮನ್ ಕಾನೂನಿನಲ್ಲಿ ಅದಕ್ಕೆ ‘ಹಲವರು ಸೇರಿ ಒಂದಾದದ್ದು’ ಎಂದರ್ಥ. ಹತ್ತು ಮಂದಿ ಕೂಡಿ ಒಬ್ಬ ವ್ಯಕ್ತಿಯಂತೆ ದಾವೆ ಹೂಡಬಹುದು, ಆಸ್ತಿ ಇಟ್ಟುಕೊಳ್ಳಬಹುದು, ಮೊಹರು ಒತ್ತಬಹುದು ಎಂಬ ಕಲ್ಪನೆ ಅದು. ಮಧ್ಯಯುಗದ ಯುರೋಪಿನಲ್ಲಿ ಕಸುಬುದಾರರ ಸಂಘವನ್ನೂ, ಪೇಟೆಯ ನಿವಾಸಿಗಳ ಕೂಟವನ್ನೂ ಇದೇ ಪದದಿಂದ ಕರೆಯುತ್ತಿದ್ದರು. ಪತ್ರದ ಒಕ್ಕಣೆಯಲ್ಲಿ ‘ನಿಮ್ಮ ಯೂನಿವರ್ಸಿತಾಸ್‌ಗೆ’ ಎಂದರೆ ‘ನಿಮಗೆಲ್ಲರಿಗೂ’ ಎಂದಷ್ಟೇ. ಪಾಠ ನಡೆಯುವ ಸ್ಥಳಕ್ಕೆ ಬೇರೆ ಹೆಸರಿತ್ತು: ‘ಸ್ತೂದಿಯುಂ ಗೆನೆರಾಲೆ’, ಎಲ್ಲ ಊರಿನವರೂ ಬಂದು ಓದಬಹುದಾದ ವಿದ್ಯಾಸ್ಥಾನ. ಅಲ್ಲಿ ಕಲಿಯುವವರ ಅಥವಾ ಕಲಿಸುವವರ ಸಂಘ ಮಾತ್ರ ಯೂನಿವರ್ಸಿತಾಸ್. ಸ್ಥಳ ಬೇರೆ, ಸಂಘ ಬೇರೆ. ಹೆಸರು ಸಂಘದಿಂದ ಸ್ಥಳಕ್ಕೆ ವರ್ಗವಾದದ್ದು ಆಮೇಲೆ.

ಇಟಲಿಯ ಬೊಲೋನಾದಲ್ಲಿ ಆ ಸಂಘ ಕಟ್ಟಿದವರು ವಿದ್ಯಾರ್ಥಿಗಳು. 1088 ಎಂದು ಹುಟ್ಟಿದ ವರ್ಷ ಹೇಳುವುದು ರೂಢಿ. ನ್ಯಾಯಶಾಸ್ತ್ರ ಓದಲು ಆಲ್ಪ್ಸ್ ಪರ್ವತದ ಆಚೆಯಿಂದಲೂ ಬಂದವರು ಅವರು. ಊರಿನಲ್ಲಿ ಪರದೇಶಿಗಳು. ಮನೆ ಬಾಡಿಗೆ ಏರಿದರೆ, ಪುಸ್ತಕದ ಬೆಲೆ ಏರಿದರೆ ಕೇಳುವವರಿಲ್ಲ. ಅದಕ್ಕೆ ಸಂಘ. ಸಂಘಕ್ಕೆ ಬಲ ಬಂದಮೇಲೆ ಊರಿನವರ ಮೇಲಷ್ಟೇ ಅಲ್ಲ, ಗುರುಗಳ ಮೇಲೂ ಹಿಡಿತ ಬಂತು. ಸಂಬಳ ವಿದ್ಯಾರ್ಥಿಗಳ ಶುಲ್ಕದಿಂದ ಬರುತ್ತಿತ್ತಾದ್ದರಿಂದ ನಿಯಮವೂ ಅವರದೇ. ಗಂಟೆ ಹೊಡೆದ ಮೇಲೆ ಪಾಠ ಶುರು ಮಾಡಿದರೆ ದಂಡ, ಗಂಟೆ ಹೊಡೆದ ಮೇಲೂ ಪಾಠ ಎಳೆದರೆ ದಂಡ. ಒಂದು ದಿನದ ರಜೆಗೂ ಅಪ್ಪಣೆ ಬೇಕು. ಊರು ಬಿಟ್ಟು ಹೋಗುವುದಾದರೆ ವಾಪಸು ಬರುತ್ತೇನೆಂದು ಠೇವಣಿ ಇಡಬೇಕು. ಪಾಠಕ್ಕೆ ಐದು ಮಂದಿಯೂ ಬಾರದಿದ್ದರೆ ಅಧ್ಯಾಪಕನೇ ಗೈರುಹಾಜರೆಂದು ಲೆಕ್ಕ. ನಮ್ಮಲ್ಲಿ ಶೇಕಡ 75 ಹಾಜರಿ ಇಲ್ಲದೆ ಹಾಲ್ ಟಿಕೆಟ್ ಕೈಗೆ ಸಿಗದೆ ಪರದಾಡುವ ಹುಡುಗರು ಈ ಪಟ್ಟಿ ಓದಿದರೆ ಹೊಟ್ಟೆಕಿಚ್ಚುಪಟ್ಟಾರು.

ಪ್ಯಾರಿಸ್ಸಿನಲ್ಲಿ ಇದು ತಿರುಗುಮುರುಗು. ಅಲ್ಲಿ ಸಂಘ ಕಟ್ಟಿದವರು ಅಧ್ಯಾಪಕರು, ಮತ್ತು ಅವರು ಯಾರ ವಿರುದ್ಧ ಕಟ್ಟಿದರು ಎಂಬುದು ನಮಗೆ ಮುಖ್ಯ. ಪಾಠ ಹೇಳುವ ಪರವಾನಗಿ ಕೊಡುತ್ತಿದ್ದವನು ನೋತ್ರ್ ದಾಮ್ ಚರ್ಚಿನ ಅಧಿಕಾರಿ, ಅವನ ಹುದ್ದೆಯ ಹೆಸರು ಚಾನ್ಸಲರ್. ಈ ಪದದ ಮೂಲವೂ ಸ್ವಾರಸ್ಯವಾಗಿದೆ: ರೋಮಿನ ನ್ಯಾಯಸ್ಥಾನದಲ್ಲಿ ಜಾಲಂದ್ರದ ಬಳಿ ನಿಂತು ಜನರನ್ನು ತಡೆದು ಬಿಡುತ್ತಿದ್ದ ದ್ವಾರಪಾಲಕ ಅವನು. ಯಾರಿಗೆ ಪರವಾನಗಿ, ಯಾರಿಗೆ ಇಲ್ಲ ಎಂಬ ಚಾನ್ಸಲರನ ಮರ್ಜಿಯನ್ನು ಎದುರಿಸಲು ಅಧ್ಯಾಪಕರು ಒಂದಾದರು. 1229ರ ಕಾರ್ನಿವಲ್ ಹಬ್ಬದಲ್ಲಿ ಪ್ಯಾರಿಸ್ಸಿನ ಹೊರವಲಯದ ಒಂದು ಹೆಂಡದಂಗಡಿಯಲ್ಲಿ ಬಿಲ್ಲಿನ ವಿಷಯಕ್ಕೆ ವಿದ್ಯಾರ್ಥಿಗಳಿಗೂ ಅಂಗಡಿಯವನಿಗೂ ಜಗಳವಾಯಿತು. ಮರುದಿನ ಹುಡುಗರು ದೊಣ್ಣೆ ಹಿಡಿದು ಬಂದರು. ಕೊನೆಗೆ ನಗರದ ಕಾವಲುಪಡೆ ಕೆಲವು ವಿದ್ಯಾರ್ಥಿಗಳನ್ನು ಕೊಂದಿತು. ಅಧ್ಯಾಪಕರು ಪಾಠ ನಿಲ್ಲಿಸಿ ಊರನ್ನೇ ಬಿಟ್ಟರು. ಎರಡು ವರ್ಷ ಪ್ಯಾರಿಸ್ಸಿನಲ್ಲಿ ಪಾಠವಿಲ್ಲ. ಯೂನಿವರ್ಸಿತಾಸ್‌ಗೆ ಸ್ವಂತ ಕಟ್ಟಡವಿಲ್ಲದ್ದು ಆಗ ಅನುಕೂಲವೇ ಆಯಿತು, ಸಂಘ ಎದ್ದು ಹೋದರೆ ಯೂನಿವರ್ಸಿಟಿಯೇ ಎದ್ದು ಹೋದಂತೆ. 1231ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಹೊರಡಿಸಿದ ಶಾಸನ ಪಾಠ ನಿಲ್ಲಿಸುವ ಹಕ್ಕನ್ನು ಒಪ್ಪಿ, ಚಾನ್ಸಲರನ ಕೈ ಕಟ್ಟಿತು. ಕೇಂಬ್ರಿಜ್ ಹುಟ್ಟಿದ್ದೂ ಹೀಗೇ, 1209ರಲ್ಲಿ ಊರವರೊಡನೆ ಜಗಳವಾಗಿ ಆಕ್ಸ್‌ಫರ್ಡ್ ಬಿಟ್ಟು ಬಂದವರಿಂದ.

ಸಂಘಗಳು ಶ್ರೀಮಂತವಾದವು, ದತ್ತಿ ಬಂತು, ಕಾಲೇಜು ಕಟ್ಟಿಸಿದರು, ಗೋಪುರ ಎದ್ದವು. ಹೆಸರು ಮೆಲ್ಲಗೆ ಜನರಿಂದ ಕಲ್ಲಿಗೆ ಇಳಿಯಿತು. ಆಮೇಲೆ ಅರ್ಥಕ್ಕೆ ಇನ್ನೊಂದು ಪದರ ಬಂತು. ‘ಯೂನಿವರ್ಸ್’ ಎಂಬ ಪದದ ಪಕ್ಕ ಕೂತಿದ್ದರಿಂದ ‘ಯೂನಿವರ್ಸಿಟಿ’ ಎಂದರೆ ಸಮಸ್ತ ಜ್ಞಾನವನ್ನು ಕಲಿಸುವ ತಾಣ ಎಂದು ಜನ ಓದತೊಡಗಿದರು. 1852ರಲ್ಲಿ ಡಬ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಜಾನ್ ಹೆನ್ರಿ ನ್ಯೂಮನ್ ಈ ವ್ಯಾಖ್ಯಾನಕ್ಕೆ ಘನತೆ ತಂದುಕೊಟ್ಟರು. ಪದದ ಇತಿಹಾಸದ ಮಟ್ಟಿಗೆ ಇದು ತಪ್ಪು ಓದು. ಆದರೆ ತಪ್ಪು ಓದುಗಳಿಗೂ ಫಲವಿರುತ್ತದೆ. ಅದಕ್ಕೂ ಮೊದಲೇ, 1810ರಲ್ಲಿ, ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಯೋಜನೆಯಂತೆ ಬರ್ಲಿನ್ನಿನಲ್ಲಿ ತೆರೆದ ವಿಶ್ವವಿದ್ಯಾನಿಲಯ ಮತ್ತೊಂದು ಬೇಡಿಕೆ ಇಟ್ಟಿತ್ತು: ಕಲಿಸುವವನು ಹೊಸದನ್ನು ಹುಡುಕುವವನೂ ಆಗಿರಬೇಕು. ಇಂದು ನಾವು ‘ಸಂಶೋಧನೆ’ ಎಂದು ಕರೆಯುವ ಕೆಲಸ ಯೂನಿವರ್ಸಿಟಿಯ ಕರ್ತವ್ಯವಾದದ್ದು ಅಲ್ಲಿಂದ. 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆ ಮಾದರಿಯನ್ನು ಹೊತ್ತುಕೊಂಡು ಹೋಯಿತು.

ಭಾರತಕ್ಕೆ ಬಂದದ್ದು ಬೊಲೋನಾ ಅಲ್ಲ, ಪ್ಯಾರಿಸ್ ಅಲ್ಲ, ಬರ್ಲಿನ್ನೂ ಅಲ್ಲ. ಬಂದದ್ದು ಲಂಡನ್. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯ ಆಗ ಪಾಠವನ್ನೇ ಹೇಳುತ್ತಿರಲಿಲ್ಲ, ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಯಾಗಿತ್ತು. 1854ರ ವುಡ್ ಆಜ್ಞಾಪತ್ರ ಇದನ್ನೇ ಮಾದರಿಯೆಂದು ಹೇಳಿತು. ಅದರಂತೆ 1857ರ ಜನವರಿಯಲ್ಲಿ ಕಲ್ಕತ್ತಾ, ಜುಲೈಯಲ್ಲಿ ಮುಂಬಯಿ, ಸೆಪ್ಟೆಂಬರಿನಲ್ಲಿ ಮದರಾಸು ವಿಶ್ವವಿದ್ಯಾನಿಲಯಗಳ ಕಾಯಿದೆಗಳು ಹೊರಬಂದವು. ದಂಗೆಯ ವರ್ಷ. ಮೂರರಲ್ಲಿ ಯಾವುದಕ್ಕೂ ಪಾಠ ಹೇಳುವ ಅಧ್ಯಾಪಕರಿರಲಿಲ್ಲ. ಕಲ್ಕತ್ತಾದ ಮೊದಲ ಬಿ.ಎ. ಪರೀಕ್ಷೆ 1858ರಲ್ಲಿ ನಡೆಯಿತು. ತೇರ್ಗಡೆಯಾದ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ, ಇಬ್ಬರಿಗೂ ಒಂದು ವಿಷಯದಲ್ಲಿ ಗ್ರೇಸ್ ಅಂಕ ಕೊಟ್ಟೇ ದಾಟಿಸಬೇಕಾಯಿತು. ಗ್ರೇಸ್ ಮಾರ್ಕ್ಸ್ ಪದವಿಯಷ್ಟೇ ಹಳೆಯದು ಎಂದಾಯಿತು.

ಹೀಗಾಗಿ ನಮ್ಮಲ್ಲಿ ‘ಯೂನಿವರ್ಸಿಟಿ’ ಎಂಬ ಪದಕ್ಕೆ ಬೇರೆಯದೇ ಅರ್ಥ ಅಂಟಿಕೊಂಡಿತು. ‘ಇದು ಕಾಲೇಜಿನ ಟೆಸ್ಟಾ, ಯೂನಿವರ್ಸಿಟಿ ಪರೀಕ್ಷೆಯಾ?’ ಎಂದು ಕೇಳುವಾಗ, ‘ಯೂನಿವರ್ಸಿಟಿಗೇ ಫಸ್ಟ್’ ಎಂದು ಹೊಗಳುವಾಗ, ‘ಯೂನಿವರ್ಸಿಟಿಯಿಂದ ರಿಸಲ್ಟ್ ಬಂದಿಲ್ಲ’ ಎಂದು ಗೊಣಗುವಾಗ ನಮ್ಮ ಮನಸ್ಸಿನಲ್ಲಿರುವುದು ಪರೀಕ್ಷಾ ಇಲಾಖೆಯೇ. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಓದಿ ಮುಗಿಸಿದ ಎಷ್ಟೋ ಮಂದಿ ತಮ್ಮ ಯೂನಿವರ್ಸಿಟಿಯ ಗೇಟನ್ನು ಕಂಡದ್ದೇ ಕಾನ್ವೊಕೇಷನ್ ಸರ್ಟಿಫಿಕೇಟಿಗೆ ಚಲನ್ ಕಟ್ಟಲು ಹೋದಾಗ. 2017ರಲ್ಲಿ ಮೂರಾಗಿ ಒಡೆಯುವ ಮೊದಲು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಆರುನೂರಕ್ಕೂ ಹೆಚ್ಚು ಕಾಲೇಜುಗಳ ನಂಟಿತ್ತು. ಅಷ್ಟು ಕಾಲೇಜುಗಳ ಉತ್ತರಪತ್ರಿಕೆ ಕಟ್ಟು, ಕೋಡಿಂಗ್, ಮೌಲ್ಯಮಾಪನ, ಮರುಎಣಿಕೆ ಎಂದರೆ ವರ್ಷವಿಡೀ ಅದೇ ಕೆಲಸ. ಪಾಠ ಮತ್ತು ಸಂಶೋಧನೆ ಉಳಿದ ವೇಳೆಯಲ್ಲಿ ಆಗಬೇಕು.

ಈ ಪದವನ್ನು ನಮ್ಮ ಭಾಷೆಗಳು ತಮ್ಮತಮ್ಮದಾಗಿಸಿಕೊಂಡ ಬಗೆ ನೋಡಿ. ತಮಿಳರು ‘ಪಲ್ಕಲೈಕ್ಕಳಗಂ’ ಎಂದರು, ಹಲವು ಕಲೆಗಳ ಕಳಗ. ಕಳಗವೆಂದರೆ ಸಂಘ, ರಾಜಕೀಯ ಪಕ್ಷಗಳ ಹೆಸರಿನಲ್ಲಿರುವುದೂ ಅದೇ. 1926ರಲ್ಲಿ ಹುಟ್ಟಿದ ಆಂಧ್ರದ್ದು ‘ವಿಶ್ವಕಲಾ ಪರಿಷತ್ತು’, ಪರಿಷತ್ತೆಂದರೂ ಸಭೆಯೇ. ಉರ್ದುವಿನ ‘ಜಾಮಿಯಾ’ಕ್ಕೆ ಕೂಡಿಸು ಎಂಬ ಅರ್ಥದ ಅರಬ್ಬೀ ಧಾತು ಮೂಲ, ‘ಜಮಾಯಿಸು’ ಎಂದು ನಾವೂ ಬಳಸುವುದು ಆ ಕುಟುಂಬದ್ದೇ. ಮಲಯಾಳಿಗಳು ‘ಸರ್ವಕಲಾಶಾಲೆ’ ಎಂದು ಶಾಲೆಯನ್ನು ಹಿಡಿದರು, ಮರಾಠಿಗರು ‘ವಿದ್ಯಾಪೀಠ’ ಎಂದು ಪೀಠವನ್ನು. ಹಿಂದಿಯವರೂ ನಾವೂ ಮನೆಯನ್ನು ಹಿಡಿದೆವು.

‘ಆಲಯ’, ‘ನಿಲಯ’ ಎರಡೂ ‘ಲೀ’ ಎಂಬ ಒಂದೇ ಸಂಸ್ಕೃತ ಧಾತುವಿನ ಮಕ್ಕಳು. ಅಂಟು, ನೆಲೆಸು, ಕರಗು ಎಂಬಷ್ಟೂ ಅರ್ಥ ಅದಕ್ಕಿದೆ. ಲಯ, ಪ್ರಳಯ, ತಲ್ಲೀನ, ವಿಲೀನ ಎಲ್ಲ ಅದೇ ಬಳಗ. ಆದ್ದರಿಂದ ಮೈಸೂರು ಸರಿಯೋ ಧಾರವಾಡ ಸರಿಯೋ ಎಂಬ ಜಗಳಕ್ಕೆ ವ್ಯಾಕರಣದಲ್ಲಿ ಆಧಾರವಿಲ್ಲ, ಕಿವಿಗೆ ಯಾವುದು ಒಗ್ಗಿದೆ ಎಂಬುದಷ್ಟೇ ವಿಷಯ. ‘ವಿಶ್ವ’ದ ವಿಚಾರ ಹಾಗಲ್ಲ. ಇಂದು ವಿಶ್ವವೆಂದರೆ ಜಗತ್ತು. ವಿಶ್ವಕಪ್, ವಿಶ್ವ ಕನ್ನಡ ಸಮ್ಮೇಳನ. ವೇದದ ಭಾಷೆಯಲ್ಲಿ ಅದಕ್ಕೆ ‘ಎಲ್ಲ’ ಎಂದರ್ಥ. ಶ್ರಾದ್ಧದಲ್ಲಿ ಹೆಸರು ಕೇಳಿಬರುವ ವಿಶ್ವೇದೇವತೆಗಳು ಜಗತ್ತಿನ ದೇವತೆಗಳಲ್ಲ, ‘ಎಲ್ಲ ದೇವತೆಗಳು’. ಈ ಹಳೆಯ ಅರ್ಥದಲ್ಲಿ ನೋಡಿದರೆ ‘ವಿಶ್ವ’ ಲ್ಯಾಟಿನ್ನಿನ ಮೂಲಕ್ಕೆ ಹಿಡಿದ ಕನ್ನಡಿ. ಪದ ಕಟ್ಟಿದವರು ಮೊದಲರ್ಧದಲ್ಲಿ ಗೆದ್ದರು. ಎಲ್ಲ ವಿದ್ಯೆ ಬಂತು, ಮನೆ ಬಂತು. ಎಲ್ಲ ಜನ ಮಾತ್ರ ಹೊರಗುಳಿದರು. ಪರೀಕ್ಷಾ ಕಚೇರಿಯಾಗಿ ಹುಟ್ಟಿದ ಸಂಸ್ಥೆಗೆ ಸಂಘದ ಹೆಸರಿಡಲು ಅವರಿಗೆ ಮನಸ್ಸು ಒಪ್ಪಲಿಲ್ಲವೇನೋ. ಆ ಮಟ್ಟಿಗೆ ಈ ಪದ ಪ್ರಾಮಾಣಿಕವಾಗಿದೆ.

ಕನ್ನಡ ನಾಡಿನಲ್ಲಿ ಸಂಘದ ಅರ್ಥ ಹೇಳುವ ಪದ ಇರಲಿಲ್ಲವೆಂದಲ್ಲ. ತಾಳಗುಂದದ ಸ್ತಂಭಶಾಸನ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಹೇಳುತ್ತದೆ. ಗುರು ವೀರಶರ್ಮನೊಡನೆ ಆತ ಓದಲು ಹೋದದ್ದು ಪಲ್ಲವರ ಕಂಚಿಯ ‘ಘಟಿಕೆ’ಗೆ. ಅಲ್ಲಿ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಓದು ಬಿಟ್ಟು ರಾಜನಾದ. ಪ್ಯಾರಿಸ್ಸಿನ ಹೆಂಡದಂಗಡಿ ಜಗಳಕ್ಕಿಂತ ಎಷ್ಟೋ ಶತಮಾನ ಹಿಂದಿನ ಕ್ಯಾಂಪಸ್ ಗಲಾಟೆ ಇದು, ಫಲಿತಾಂಶವೂ ಜೋರಾಗಿದೆ. ‘ಘಟಿಕೆ’ಯ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗಡಿಗೆಯಿಂದ ಬಂತೆನ್ನುವವರಿದ್ದಾರೆ, ಕೂಡು ಎಂಬರ್ಥದ ‘ಘಟ್’ ಧಾತುವಿನಿಂದ ಬಂತೆನ್ನುವವರಿದ್ದಾರೆ. ಎರಡನೆಯದು ನಿಜವಾದರೆ ಸಂಘಟನೆ, ಘಟಕ ಇವುಗಳ ನೆಂಟ ಅದು.

ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಶಾಸನವಿದೆ. ಚಾಲುಕ್ಯ ಒಂದನೇ ಸೋಮೇಶ್ವರನ ಕಾಲ, ದಂಡನಾಯಕ ಮಧುಸೂದನ ಸ್ಥಾಪಿಸಿದ ಘಟಿಕಾಸ್ಥಾನ. ವೇದ ಓದುವವರಿಗೆ, ಶಾಸ್ತ್ರ ಓದುವವರಿಗೆ, ಕಲಿಸುವವರಿಗೆ ಬೇರೆ ಬೇರೆ ದತ್ತಿ. ಅವರೊಂದಿಗೆ ಆರು ಮಂದಿ ‘ಸರಸ್ವತೀ ಭಂಡಾರಿಗರು’, ಅಂದರೆ ಗ್ರಂಥಪಾಲಕರು. ಹನ್ನೊಂದನೇ ಶತಮಾನದ ಒಂದು ವಿದ್ಯಾಸ್ಥಾನದಲ್ಲಿ ಆರು ಗ್ರಂಥಪಾಲಕ ಹುದ್ದೆ. ಅದಕ್ಕೂ ಹಿಂದೆ, 945ರಲ್ಲಿ, ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಂದಿನ ವಿಜಯಪುರ ಜಿಲ್ಲೆಯ ಪಾವಿಟ್ಟಗೆಯಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳು, ಅಧ್ಯಾಪಕನಿಗೆ ಭೂಮಿ, ರಾತ್ರಿ ದೀಪದ ಎಣ್ಣೆಗೆಂದೇ ಪ್ರತ್ಯೇಕ ಭೂಮಿ, ಮದುವೆ ಮುಂಜಿಗಳಲ್ಲಿ ಊರವರು ಕೊಡಬೇಕಾದ ಕಾಣಿಕೆ. ಶಾಲೆಯ ಖ್ಯಾತಿ ಎಷ್ಟೆಂದರೆ ಊರಿನ ಹೆಸರೇ ಬದಲಾಯಿತು, ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಇಂದಿಗೂ ಆ ‘ಶಾಲೆ’ ಅಡಗಿ ಕೂತಿದೆ.

ಇವನ್ನೆಲ್ಲ ನೆನೆದು ಮೀಸೆ ತಿರುವುವ ಮೊದಲು ಒಂದು ಮಾತು. ಅಗ್ರಹಾರ, ಘಟಿಕೆಗಳ ಬಾಗಿಲು ಬಹುಮಟ್ಟಿಗೆ ಒಂದು ವರ್ಣಕ್ಕೆ, ಅದರಲ್ಲೂ ಗಂಡಸರಿಗೆ ಮಾತ್ರ ತೆರೆದಿತ್ತು. ಬ್ರಿಟಿಷರ ಪರೀಕ್ಷಾ ಕಚೇರಿ ಎಷ್ಟೇ ನೀರಸವಾಗಿದ್ದರೂ ಅದರ ಕಾಯಿದೆಯಲ್ಲಿ ಜಾತಿಯ ಗೋಡೆ ಇರಲಿಲ್ಲ. 1883ರಲ್ಲಿ ಕಾದಂಬಿನಿ ಮತ್ತು ಚಂದ್ರಮುಖಿ ಬೋಸ್ ಎಂಬಿಬ್ಬರು ಹೆಣ್ಣುಮಕ್ಕಳು ಕಲ್ಕತ್ತಾದಿಂದ ಪದವಿ ಪಡೆದರು. ನಾಲಂದಾವನ್ನು ‘ಜಗತ್ತಿನ ಮೊದಲ ವಿಶ್ವವಿದ್ಯಾಲಯ’ ಎನ್ನುವವರಿಗೂ ಒಂದು ಮಾತು ಹೇಳಬೇಕು: ಅದು ತನ್ನನ್ನು ‘ಮಹಾವಿಹಾರ’ ಎಂದು ಕರೆದುಕೊಂಡಿತು. ಅಲ್ಲಿ ಸಿಕ್ಕ ಮಣ್ಣಿನ ಮುದ್ರೆಗಳಲ್ಲಿರುವುದು ಮಹಾವಿಹಾರದ ಭಿಕ್ಷುಸಂಘದ ಹೆಸರು. ಕಟ್ಟಡದ ಪರವಾಗಿ ಮೊಹರು ಒತ್ತುತ್ತಿದ್ದದ್ದು ಸಂಘ. ಯೂನಿವರ್ಸಿತಾಸ್‌ಗೆ ನಿಜವಾಗಿ ಹತ್ತಿರವಾದದ್ದು ಹೊಗಳಿಕೆಯ ಆ ‘ಮೊದಲ’ ಪಟ್ಟವಲ್ಲ, ಈ ಮುದ್ರೆ.

ಘಟಿಕೆ ಎಂಬ ಪದ ಸತ್ತಿಲ್ಲ. ಕನ್ನಡ ಅದನ್ನು ವರ್ಷದಲ್ಲಿ ಒಂದು ದಿನಕ್ಕೆಂದು ಇಟ್ಟುಕೊಂಡಿದೆ: ಘಟಿಕೋತ್ಸವ. ಗೌನು, ಚಿನ್ನದ ಪದಕ, ಗೌರವ ಡಾಕ್ಟರೇಟ್, ರಾಜ್ಯಪಾಲರ ಭಾಷಣ, ಹೊರಗೆ ಫೋಟೊ. ಸಂಘ ಹೋಗಿ ಉತ್ಸವ ಉಳಿಯಿತು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಕನ್ನಡಿಗರ ಪದವಿಗಳು ಹೊರಗಿನಿಂದ ಬರುತ್ತಿದ್ದವು. ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳಿಗೆ ಮದರಾಸು ಯಜಮಾನ, ಉತ್ತರದ ಜಿಲ್ಲೆಗಳಿಗೆ ಮುಂಬಯಿ. ದೇಶೀ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾನಿಲಯ ತೆರೆದದ್ದು ಅದೇ ಮೊದಲು. ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ವಿದ್ಯಾಭ್ಯಾಸ ಪದ್ಧತಿ ನೋಡಿ ಬಂದು ಕೊಟ್ಟ ವರದಿಗಳು ಹಿನ್ನೆಲೆಯಲ್ಲಿದ್ದವು, ದಿವಾನ್ ವಿಶ್ವೇಶ್ವರಯ್ಯನವರ ಹಟವಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲವಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಚಾನ್ಸಲರರೂ ನಾಲ್ವಡಿಯವರೇ. ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ, ಅವರ ಬಳಿಕ ಬ್ರಜೇಂದ್ರನಾಥ ಸೀಲ್. ತತ್ತ್ವಶಾಸ್ತ್ರ ಕಲಿಸಲು ಯುವಕ ರಾಧಾಕೃಷ್ಣನ್ 1918ರಲ್ಲಿ ಬಂದರು. ಕನ್ನಡ ಎಂ.ಎ. ಶುರುವಾಗಲು ಮಾತ್ರ 1927ರವರೆಗೆ ಕಾಯಬೇಕಾಯಿತು, ಕುವೆಂಪು ಅಲ್ಲಿ ಓದಿ 1929ರಲ್ಲಿ ತೇರ್ಗಡೆಯಾದರು. ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳು, 1946ರ ಇಂಗ್ಲಿಷ್-ಕನ್ನಡ ನಿಘಂಟು, ಇವೆಲ್ಲ ವಿಶ್ವವಿದ್ಯಾನಿಲಯ ತನ್ನ ಗೋಡೆ ದಾಟಿ ಊರಿಗೆ ಬಂದ ಕಾಲದ ಕೆಲಸ. ನನ್ನ ದೃಷ್ಟಿಯಲ್ಲಿ ಈ ಪದ ಕನ್ನಡದಲ್ಲಿ ತನ್ನ ಮೂಲದ ಅರ್ಥಕ್ಕೆ ಅತಿ ಹತ್ತಿರ ಬಂದದ್ದು ಆಗ.

1960ರಲ್ಲಿ ಮೈಸೂರಿನ ಹೊಸ ಆವರಣಕ್ಕೆ ಉಪಕುಲಪತಿ ಕುವೆಂಪು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಕವಿಯ ಒಂದು ಹೆಸರು ಎಷ್ಟು ಸಂತಾನ ಪಡೆಯಿತು ನೋಡಿ: ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ. ಗಂಗೋತ್ರಿ ಎಂದರೆ ನದಿಮೂಲ ಎಂಬುದು ಮರೆತು ಕನ್ನಡದಲ್ಲಿ ಅದೀಗ ಕ್ಯಾಂಪಸ್ಸಿಗೆ ಪರ್ಯಾಯ ಪದ.

ಕುವೆಂಪು ‘ಉಪಕುಲಪತಿ’, ಈಗಿನವರು ‘ಕುಲಪತಿ’. ಹುದ್ದೆ ಅದೇ, ಪದಕ್ಕೆ ಬಡ್ತಿ ಸಿಕ್ಕಿದೆ. ಮೇಲಿದ್ದ ರಾಜ್ಯಪಾಲರನ್ನು ಅದಕ್ಕಾಗಿ ‘ಕುಲಾಧಿಪತಿ’ ಮಾಡಬೇಕಾಯಿತು, ರಿಜಿಸ್ಟ್ರಾರ್ ‘ಕುಲಸಚಿವ’ರಾದರು. ಕುಲಪತಿ ಎಂಬ ಪದ ಸಾಮಾನ್ಯದ್ದಲ್ಲ. ಮಹಾಭಾರತದ ಆರಂಭದಲ್ಲೇ ನೈಮಿಷಾರಣ್ಯದ ಶೌನಕ ಕುಲಪತಿ, ಕಾಳಿದಾಸನ ಶಾಕುಂತಲದಲ್ಲಿ ಕಣ್ವ ಕುಲಪತಿ. ಹತ್ತು ಸಾವಿರ ಮಂದಿಗೆ ಅನ್ನ ಹಾಕಿ ಪೋಷಿಸಿ ಪಾಠ ಹೇಳುವವನು ಕುಲಪತಿ ಎಂದು ಹಳೆಯ ಲಕ್ಷಣ. ಇಂದಿನ ಕುಲಪತಿಗಳಿಗೆ ನಿವೃತ್ತರ ಪಿಂಚಣಿ ಹೊಂದಿಸುವುದೇ ಪ್ರಾಣಸಂಕಟ. ಹುದ್ದೆ ತುಂಬಲು ಸರ್ಕಾರದ ಆರ್ಥಿಕ ಇಲಾಖೆಯ ಒಪ್ಪಿಗೆ, ನೇಮಕಕ್ಕೆ ಶೋಧನಾ ಸಮಿತಿ, ಪಟ್ಟಿ ಹೋಗುವುದು ಕುಲಾಧಿಪತಿಗಳ ಮುಂದೆ. ಪ್ಯಾರಿಸ್ಸಿನ ಅಧ್ಯಾಪಕರು ಒಂದಾದದ್ದು ಚಾನ್ಸಲರನ ಮರ್ಜಿಯಿಂದ ತಪ್ಪಿಸಿಕೊಳ್ಳಲು. ನಮ್ಮಲ್ಲಿ ಚಾನ್ಸಲರ್ ಯಾರಾಗಬೇಕು, ರಾಜ್ಯಪಾಲರೋ ಮುಖ್ಯಮಂತ್ರಿಯೋ ಎಂಬುದೇ ಜಗಳ. ಇಬ್ಬರೂ ಬೇಡ, ಅಧ್ಯಾಪಕರೇ ಆರಿಸಲಿ ಎಂದು ಯಾವ ಪಕ್ಷವೂ ಹೇಳಿದ್ದು ನಾನು ಕೇಳಿಲ್ಲ.

‘ವಿಶ್ವವಿದ್ಯಾನಿಲಯ’ ಬಿಟ್ಟು ಈ ಮನೆಯ ಉಳಿದ ಸಾಮಾನುಗಳನ್ನೂ ಒಮ್ಮೆ ತಟ್ಟಿ ನೋಡಬಹುದು. ‘ಡಿಗ್ರಿ’ ಎಂದರೆ ಲ್ಯಾಟಿನ್ನಿನಲ್ಲಿ ಮೆಟ್ಟಿಲು, ‘ಪದವಿ’ ಎಂದರೆ ಸಂಸ್ಕೃತದಲ್ಲಿ ಹೆಜ್ಜೆಯ ದಾರಿ. ಇಲ್ಲಿ ಅನುವಾದ ಚೊಕ್ಕವಾಗಿದೆ. ‘ಸ್ನಾತಕ’ನೆಂದರೆ ಗುರುಕುಲವಾಸ ಮುಗಿಸಿ ಮಂಗಳಸ್ನಾನ ಮಾಡಿದವನು. ಕನ್ನಡದಲ್ಲಿ ಬಿ.ಎ. ಮುಗಿಸಿದವರು ಪದವೀಧರರು, ಎಂ.ಎ.ಗೆ ಸೇರಿದ ಮೇಲೆ ‘ಸ್ನಾತಕೋತ್ತರ’. ಸ್ನಾನ ಯಾವಾಗ ಆಯಿತು ಎಂದು ಯಾರೂ ಕೇಳುವುದಿಲ್ಲ. ‘ಡಾಕ್ಟರ್’ ಎಂದರೆ ಕಲಿಸುವವನು. ಪಿಎಚ್.ಡಿ. ಮುಗಿಸಿಯೂ ಕಲಿಸುವ ಕೆಲಸ ಸಿಗದ ಡಾಕ್ಟರುಗಳ ಪಾಡು ಗೊತ್ತಿರುವುದೇ.

ಇಷ್ಟು ಹಗುರವಾಗಿ ಬಳಕೆಯಾಗುವ ಪದಕ್ಕೆ ಈ ದೇಶದಲ್ಲಿ ಕಾನೂನಿನ ಕಾವಲಿದೆ. 1956ರ ಯುಜಿಸಿ ಕಾಯಿದೆಯ 23ನೇ ಕಲಮಿನ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಕಾಯಿದೆಯಿಂದ ಸ್ಥಾಪನೆಯಾಗದ ಸಂಸ್ಥೆ ತನ್ನ ಹೆಸರಿನಲ್ಲಿ ‘ಯೂನಿವರ್ಸಿಟಿ’ ಎಂದು ಹಾಕಿಕೊಳ್ಳುವಂತಿಲ್ಲ. ಹಾಕಿಕೊಂಡರೆ ಮುಂದಿನ ಕಲಮು ಹೇಳುವ ಶಿಕ್ಷೆ ಸಾವಿರ ರೂಪಾಯಿಯವರೆಗೆ ದಂಡ. ಇಷ್ಟು ಅಗ್ಗದ ದಂಡವಿರುವಾಗ ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಖಾಲಿಯಾಗುವುದಾದರೂ ಹೇಗೆ? ಅದೇ ಕಾಯಿದೆಯ ಮೂರನೇ ಕಲಮಿನಿಂದ ಹುಟ್ಟಿದ್ದು ‘ಡೀಮ್ಡ್’. ಯೂನಿವರ್ಸಿಟಿ ಅಲ್ಲ, ಆದರೆ ಹಾಗೆಂದು ಭಾವಿಸತಕ್ಕದ್ದು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಇಂಥ ನೂರಕ್ಕೂ ಹೆಚ್ಚು ಸಂಸ್ಥೆಗಳು ಹೆಸರಿನಿಂದ ಆ ಪದ ಕಿತ್ತುಹಾಕಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1958ರಿಂದಲೂ ಡೀಮ್ಡ್ ಸ್ಥಾನವಿದೆ, ಆದರೂ ಅದು ಈ ಪದವನ್ನು ಹೆಸರಿಗೆ ಸೇರಿಸಿಕೊಳ್ಳಲೇ ಇಲ್ಲ. ಹಳೆಯ ಬೆಂಗಳೂರಿಗರಿಗೆ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯ ವಿಶ್ವವಿದ್ಯಾಲಯ ವಿಭಾಗದಲ್ಲಿ 2016ರಿಂದ ಮೊದಲ ಸ್ಥಾನ ಅದರದೇ. ಇತ್ತ ಕಾಯಿದೆಯ ಹಂಗಿಲ್ಲದೆ ದಿನಕ್ಕೆ ಕೋಟಿ ಜನಕ್ಕೆ ಪಾಠ ಹೇಳುವ ‘ವಾಟ್ಸ್ಆ್ಯಪ್ ಯೂನಿವರ್ಸಿಟಿ’ ಎಂಬ ಕುಹಕದ ಪದವೂ ಭಾಷೆಗೆ ಬಂದಿದೆ. ಅಲ್ಲಿ ನೋಡಿ, ಕಟ್ಟಡವಿಲ್ಲ, ಬರೀ ಗುಂಪು. ಮೂಲ ಅರ್ಥ ಅಣಕವಾಗಿ ಮರಳಿತು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ವಿಶ್ವವಿದ್ಯಾಲಯಗಳು ಇಪ್ಪತ್ತರ ಆಸುಪಾಸು. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ಲೆಕ್ಕದಲ್ಲಿ 1,168. ಹೆಚ್ಚಿದ್ದು ಒಳ್ಳೆಯದೇ, ಓದುವ ಮೊದಲ ತಲೆಮಾರಿನ ಮಕ್ಕಳಿಗೆ ಹತ್ತಿರದಲ್ಲಿ ಜಾಗ ಬೇಕು. ಆದರೆ ಹೇಗೆ ಹೆಚ್ಚಿದವು ಎಂಬುದಕ್ಕೆ ನಮ್ಮ ರಾಜ್ಯವೇ ಉದಾಹರಣೆ. 2022–23ರಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಬೀದರ್, ಕೊಪ್ಪಳ, ಬಾಗಲಕೋಟೆಗಳಿಗೆ ಒಟ್ಟಿಗೇ ಏಳು ವಿಶ್ವವಿದ್ಯಾಲಯ ಬಂದವು. ಹಾಸನದ್ದು ಹೇಮಗಂಗೋತ್ರಿಯ ಮೇಲೆ, ಕೊಡಗಿನದು ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿವಿಯ ಕೇಂದ್ರದ ಮೇಲೆ, ಹಾವೇರಿಯದು ಕೆರಿಮತ್ತಿಹಳ್ಳಿಯ ಕೇಂದ್ರದ ಮೇಲೆ. ಸ್ನಾತಕೋತ್ತರ ಕೇಂದ್ರದ ಬೋರ್ಡು ತೆಗೆದು ವಿಶ್ವವಿದ್ಯಾಲಯದ ಬೋರ್ಡು ಹಾಕಿದಂತೆ. ಸರ್ಕಾರ ಬದಲಾಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಿ ಹಳೆಯವುಗಳೊಡನೆ ‘ವಿಲೀನ’ ಮಾಡುವ ವಿಚಾರ ಮುಂದಿಟ್ಟಿತು. ಅದೇ ‘ಲೀ’ ಧಾತು. ನಿಲಯ ಎಂದು ಕಟ್ಟಿದ್ದನ್ನು ವಿಲೀನ ಎಂದು ಕರಗಿಸಲು ವ್ಯಾಕರಣದ ದೃಷ್ಟಿಯಿಂದ ಉಪಸರ್ಗ, ಪ್ರತ್ಯಯ ಬದಲಿಸಿದರೆ ಸಾಕು. ಶಿಕ್ಷಣದ ನೀತಿಯೂ ಅಷ್ಟೇ ಸಲೀಸಾಗಿ ಬದಲಾಯಿತು: 2021ರಲ್ಲಿ ನಾಲ್ಕು ವರ್ಷದ ಪದವಿ, 2024ರಲ್ಲಿ ಮತ್ತೆ ಮೂರು ವರ್ಷದ್ದು. ಮಧ್ಯೆ ಸಿಕ್ಕಿಕೊಂಡ ಮಕ್ಕಳನ್ನೂ ಅಧ್ಯಾಪಕರನ್ನೂ ಎರಡು ಸಲವೂ ಕೇಳಿದವರಿಲ್ಲ. ಕೇಳಲೇಬೇಕಾದ ‘ಕೂಟ’ವೊಂದು ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಆ ಕೂಟ ಯಾಕಿಲ್ಲ ಎಂಬುದಕ್ಕೆ ಉತ್ತರ ಇನ್ನೊಂದು ಪದದಲ್ಲಿದೆ: ಅತಿಥಿ ಉಪನ್ಯಾಸಕ. ತಿಥಿ ನೋಡದೆ ಬಂದು ಹೋಗುವವನು ಅತಿಥಿ ಎಂದು ನಿರುಕ್ತಿ. ನಮ್ಮ ಅತಿಥಿಗಳು ಹತ್ತು, ಹದಿನೈದು ವರ್ಷದಿಂದ ಅದೇ ತರಗತಿಯಲ್ಲಿದ್ದಾರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲೇ ಇಂಥವರು ಹತ್ತು ಸಾವಿರ ಮೀರಿದ್ದಾರೆ, ವಿಶ್ವವಿದ್ಯಾಲಯಗಳ ವಿಭಾಗಗಳಲ್ಲೂ ಪಾಠದ ಭಾರ ಹೊತ್ತವರು ಅವರೇ. ಪ್ರತಿ ವರ್ಷ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್, ತಿಂಗಳುಗಟ್ಟಲೆ ತಡವಾದ ಗೌರವಧನ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಪಠ್ಯ ಬದಲಿಸಿ ಎಂದು ದನಿ ಎತ್ತಲಾರರು, ಹತ್ತು ವರ್ಷದ ಸಂಶೋಧನೆಗೆ ಕೈ ಹಾಕಲಾರರು, ಕುಲಪತಿಯ ಎದುರು ನಿಲ್ಲಲಾರರು. ಮನೆಯಿದೆ, ಮನೆಯಲ್ಲಿರುವವರು ಅತಿಥಿಗಳು. ಹಣದ ಕೊರತೆ, ರ‍್ಯಾಂಕಿಂಗ್ ಓಟ, ಖಾಸಗಿ ಪೈಪೋಟಿ ಎಂದು ಪಟ್ಟಿ ಮಾಡುವ ಸವಾಲುಗಳೆಲ್ಲ ನಿಜವೇ. ನನ್ನ ತೀರ್ಮಾನದಲ್ಲಿ ಅವುಗಳ ಬೇರು ಇಲ್ಲಿದೆ. ಕಾಯಂ ಅಧ್ಯಾಪಕರಿಲ್ಲದ ಸಂಸ್ಥೆ ಎಷ್ಟು ಕಟ್ಟಡ ಕಟ್ಟಿಸಿಕೊಂಡರೂ 1857ರ ಪರೀಕ್ಷಾ ಕಚೇರಿಗಿಂತ ಮುಂದೆ ಹೋಗಲಾರದು.

ನಿಮ್ಮ ಜಿಲ್ಲೆಗೆ ಹೊಸ ವಿಶ್ವವಿದ್ಯಾಲಯ ಬಂತೆಂದು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದರೆ, ಇಲ್ಲವೇ ಇದ್ದದ್ದು ವಿಲೀನವಾಯಿತೆಂದು ಬಂದ್‌ಗೆ ಕರೆದರೆ, ಕಟ್ಟಿದವರನ್ನೂ ಕರೆದವರನ್ನೂ ಎರಡು ಪ್ರಶ್ನೆ ಕೇಳಿ: ಅಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ? ಅವರ ಮಾತಿಗೆ ಆಡಳಿತ ನಡೆಸುವ ಸಿಂಡಿಕೇಟಿನಲ್ಲಿ ಬೆಲೆಯಿದೆಯೇ? ಉತ್ತರ ಸಿಗುವವರೆಗೆ ಶಂಕುಸ್ಥಾಪನೆಗೆ ಚಪ್ಪಾಳೆ ತಟ್ಟಬೇಡಿ.